ಕನ್ಸೆಂಟ್ ಫಾರ್ಮ್ ಮನೆಗೆ ಕೊಟ್ಟು ಕಳಿಸಿದ್ದು: ನನ್ನ ಅನುಭವ

ಸ್ತನ ಕ್ಯಾನ್ಸರ್ ಟ್ರಯಲ್‌ಗೆ (ಔಷಧಿ ಪರೀಕ್ಷೆಗೆ) ಸೇರಿದವರು ನಡುವೆ ಬಿಟ್ಟು ಹೋಗದ ಹಾಗೆ ಹೇಗೆ ಮಾಡ್ತೀರಿ ಅಂತ ಈಚೆಗೆ ಬೇರೆ ಸೈಟಿನ (ಟ್ರಯಲ್ ನಡೆಯೋ ಬೇರೆ ಆಸ್ಪತ್ರೆಗಳ) ಮೂರ್ನಾಲ್ಕು ಕೋಆರ್ಡಿನೇಟರುಗಳು ಫೋನ್ ಮಾಡಿದ್ದರು. ಸಹಿಗೆ ಮುಂಚೆ ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ಮನೆಗೆ ಕೊಟ್ಟು ಕಳಿಸ್ತೀವಿ ಅಂದಾಗ ಅವರಲ್ಲಿ ಇಬ್ಬರು ಮೊದಲು "ಇದೆಲ್ಲ ನಡೆಯೋದಲ್ಲ ಬಿಡ್ರಿ" ಅಂದವರೇ. ಒಬ್ಬೊಬ್ಬರಿಗೂ ಹೇಳೋ ಬದಲು ಬರೆದೇ ಬಿಡ್ತೀನಿ.

ನಮ್ಮದು ಉತ್ತರ ಕರ್ನಾಟಕದ ಆಸ್ಪತ್ರೆ. ಬರುವವರು ಕೊಪ್ಪಳ, ಗದಗ, ಬಾಗಲಕೋಟೆ ಕಡೆಯ ಹಳ್ಳಿಯವರು. ಸ್ಟಡಿ ಹರ್-2 ಪಾಸಿಟಿವ್ ಇದ್ದವರಿಗೆ (ಗೆಡ್ಡೆಯಲ್ಲಿ ಹರ್-2 ಅನ್ನೋ ಪ್ರೊಟೀನ್ ಜಾಸ್ತಿ ಇರುವವರಿಗೆ), ಆ ಪ್ರೊಟೀನ್ ತಡೆಯೋ ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ಔಷಧಿ) ಜೊತೆ ಡೊಸಿಟ್ಯಾಕ್ಸೆಲ್ ಅನ್ನೋ ಕೀಮೋ. ಮೂರು ವಾರಕ್ಕೊಂದು ಇನ್ಫ್ಯೂಷನ್ (ಡ್ರಿಪ್), ಮೂರು ತಿಂಗಳಿಗೊಂದು ಎಕೋ (ಹೃದಯದ ಸ್ಕ್ಯಾನ್). ಹಳೆ ಪದ್ಧತಿ ನಿಮಗೆ ಗೊತ್ತೇ ಇದೆ. ಓಪಿಡಿ ದಿನವೇ ಡಾಕ್ಟರು ಹತ್ತು ನಿಮಿಷ ಹೇಳೋದು, ಇಪ್ಪತ್ತು ಚಿಲ್ಲರೆ ಪುಟದ ಫಾರ್ಮಿಗೆ ಸಹಿ ಇಲ್ಲವೇ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿ. ಸೇರೋಕೇನೋ ಸೇರುತ್ತಿದ್ದರು. ಹತ್ತರಲ್ಲಿ ಮೂವರೋ ನಾಲ್ವರೋ ವರ್ಷ ತುಂಬೋದರೊಳಗೆ ಪತ್ತೆಯೇ ಇಲ್ಲ.

ಹೆಚ್ಚಿನವರು ಹೋಗುತ್ತಿದ್ದದ್ದು ಮೊದಲ ಡೋಸ್ ಆದ ಮೇಲೆ. ಆ ಡೋಸಿಗೆ ಚಳಿ-ನಡುಕ ಬರೋದು ನಮಗೆ ಮಾಮೂಲಿ, ಬಾಗಿಲಲ್ಲಿ ನಿಂತ ಮಗನಿಗೆ ಅಲ್ಲ. ಅವನು ಊರಿಗೆ ಹೋಗಿ "ನಮ್ಮವ್ವನ ಮ್ಯಾಲ ಪ್ರಯೋಗ ಮಾಡಾಕತ್ತಾರ" ಅಂದರೆ ಆ ಊರಿಂದ ಮತ್ತೊಬ್ಬರು ಬರಲ್ಲ.

ಮೊದಲು ವೇಟಿಂಗ್ ಹಾಲ್‌ನಲ್ಲಿ ಟಿವಿ ಹಾಕಿ ವಿಡಿಯೋ ತೋರಿಸಿದೆವು. ಮೂವತ್ತು ಸಾವಿರದ ಹತ್ತಿರ ಖರ್ಚು. ಟೋಕನ್ ಕೂಗುವುದನ್ನೇ ಕಿವಿಗೊಟ್ಟು ಕೂತವರು ಟಿವಿ ಯಾಕೆ ನೋಡ್ತಾರೆ? ಆಮೇಲೆ ಎಸ್‌ಎಂಎಸ್. ಮನೆಯ ಫೋನ್ ಗೋವಾದಲ್ಲಿ ಕೆಲಸಕ್ಕಿದ್ದ ಮಗನ ಕೈಯಲ್ಲಿ. ಅವ್ವನ ಅಪಾಯಿಂಟ್‌ಮೆಂಟ್ ಅಲ್ಲಿ ಟಿಂಗ್ ಅನ್ನುತ್ತಿತ್ತು.

ಫಾರ್ಮ್ ಮನೆಗೆ ಕೊಟ್ಟು ಕಳಿಸೋಣ ಅಂದಾಗ ನಮ್ಮ ಪಿ.ಐ. (ಟ್ರಯಲ್ ನಡೆಸೋ ಮುಖ್ಯ ಡಾಕ್ಟರ್) ಸರ್ ನಕ್ಕರು: "ಮನೆಗೆ ಹೋದ ಫಾರ್ಮ್ ಒಲೆಗೆ ಹೋಗ್ತದ." ಸ್ಪಾನ್ಸರ್ (ಟ್ರಯಲ್ ಮಾಡಿಸೋ ಕಂಪನಿ) ಕಡೆಯವರಿಗೆ ಎನ್‌ರೋಲ್‌ಮೆಂಟ್ ತಡವಾಗುತ್ತೆ ಅನ್ನೋ ಚಿಂತೆ. ಕೀಮೋ ತಡವಾಗಬಾರದು ಅನ್ನೋದು ನನ್ನ ಚಿಂತೆಯೂ ಹೌದು. ದಾರಿ ಸಿಕ್ಕಿದ್ದು ರಿಪೋರ್ಟ್ ಕಾಯುವ ದಿನಗಳಲ್ಲಿ. ಐಎಚ್‌ಸಿ (ಹರ್-2 ನೋಡೋ ಮೊದಲ ಟೆಸ್ಟ್) 2 ಪ್ಲಸ್, ಅಂದರೆ ಹೌದು-ಅಲ್ಲ ಎರಡೂ ಹೇಳಲಾಗದ ಫಲಿತಾಂಶ ಬಂದು, ಬ್ಲಾಕ್ (ಗೆಡ್ಡೆಯ ಸ್ಯಾಂಪಲ್) ಖಚಿತ ಮಾಡ್ಕೊಳ್ಳೋ ಫಿಶ್ ಟೆಸ್ಟಿಗೆ ಹೋದರೆ ಹೇಗೂ ವಾರದ ಮೇಲೆ ಬೇಕು. ಆ ವಾರ ಫಾರ್ಮ್ ಅವರ ಮನೆಯಲ್ಲಿರಲಿ. ಇದಕ್ಕೂ ಎಥಿಕ್ಸ್ ಕಮಿಟಿ (ಟ್ರಯಲ್‌ಗೆ ಸೇರಿದವರ ಹಿತ ಕಾಯೋ ಸಮಿತಿ) ಒಪ್ಪಿಗೆ ತಗೊಳ್ಳಿ, ನಾವು ತಗೊಂಡೆವು.

ಅವರು ತಿರುಗಿ ಬಂದಾಗ ನಾನು ವಿವರಿಸೋದಿಲ್ಲ, ಅವರೇ ಹೇಳಬೇಕು. ಯಾವ ಔಷಧಿ ಸಿಗುತ್ತೆ ಅಂತ ಯಾರು ತೀರ್ಮಾನ ಮಾಡ್ತಾರೆ? ನಡುವೆ ಬಿಟ್ಟರೆ ಆಸ್ಪತ್ರೆ ಚಿಕಿತ್ಸೆ ನಿಲ್ಲಿಸುತ್ತಾ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್? ಟ್ರಯಲ್‌ನಿಂದ ತೊಂದರೆ ಆದರೆ ಖರ್ಚು ಯಾರದು? ಸ್ಟಡಿ ಮುಗಿದ ಮೇಲೆ ಔಷಧಿ ಯಾರು ಕೊಡ್ತಾರೆ? ಮೊದಲನೆಯದಕ್ಕೆ ಒಬ್ಬ ಅಜ್ಜಿ "ಚೀಟಿ ಎತ್ತಿದಂಗ ಅಲ್ಲೇನ್ರೀ, ಡಾಕ್ಟರ್‌ಗೂ ಗೊತ್ತಿರಂಗಿಲ್ಲ" ಅಂದಳು. ನನ್ನ ಚಾರ್ಟಿಗಿಂತ ಚೆನ್ನಾಗಿತ್ತು, ಈಗ ನಾನೂ ಹಾಗೇ ಹೇಳ್ತೀನಿ. ಎರಡಕ್ಕಿಂತ ಹೆಚ್ಚು ತಪ್ಪಾದರೆ ಅವತ್ತು ಸಹಿ ಇಲ್ಲ. ಕೊನೆಯ ಪ್ರಶ್ನೆಗೆ ಉತ್ತರ ಸ್ಪಾನ್ಸರ್‌ನಿಂದ ಮೊದಲೇ ಬರಹದಲ್ಲಿ ತರಿಸಿಕೊಂಡಿರಿ. ಮನೆಯಲ್ಲಿ ನಿಜವಾಗಿ ಯಾರ ಮಾತು ನಡೆಯುತ್ತೆ ಅಂತ ಪತ್ತೆ ಹಚ್ಚಿ ಅವರನ್ನೇ ಕರೆಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ.

"ಕಂಪನಿಗೆ ಲಾಭ, ನಮಗೇನು?" ಅನ್ನುವ ಅಳಿಯಂದಿರಿಗೆ ಎರಡು ಕಥೆ ಇಟ್ಟುಕೊಂಡಿದ್ದೀನಿ. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್‌ನ ಇಂಥದ್ದೇ ಔಷಧಿಯನ್ನು 500 ಹೆಣ್ಣುಮಕ್ಕಳ ಟ್ರಯಲ್‌ನಲ್ಲಿ ಮೂಲ ಔಷಧಿ ಜೊತೆ ಹೋಲಿಸಿದ್ದರು. ಗೆಡ್ಡೆ ಕುಗ್ಗಿದವರು ಹೆಚ್ಚುಕಮ್ಮಿ ಸಮ, ಶೇ. 70 ಮತ್ತು 64. 2017ರ ಡಿಸೆಂಬರ್‌ನಲ್ಲಿ ಅಮೆರಿಕದವರೂ ಅನುಮತಿ ಕೊಟ್ಟರು. ಇನ್ನೊಂದು ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನದು. ಹಲ್ಲು ಕೀಳುವಾಗ ಕೊಡೋ ಅದೇ ಲಿಗ್ನೋಕೇನನ್ನು ಆಪರೇಷನ್‌ಗೆ ಸ್ವಲ್ಪ ಮುಂಚೆ ಗೆಡ್ಡೆಯ ಸುತ್ತ ಚುಚ್ಚಿದರು. 1600 ಮಂದಿ. ಐದು ವರ್ಷ ಬದುಕಿದವರು ಶೇ. 86ರಿಂದ 90ಕ್ಕೆ ಏರಿದರು. ಅದರಲ್ಲಿ ಯಾವ ಕಂಪನಿಗೆ ಏನು ಲಾಭ? ಅಳಿಯ ಸುಮ್ಮನಾಗ್ತಾನೆ.

ಇನ್ನು ದುಡ್ಡು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಕೈಯಲ್ಲಿ ಶೂನ್ಯ ಟಿಕೆಟ್. ಅಕೌಂಟ್ಸ್‌ನವರು "ಟಿಕೆಟ್ ಸೊನ್ನೆ, ಕೊಡೋದೂ ಸೊನ್ನೆ" ಅಂದರು. ಗಂಡನ ಟಿಕೆಟ್, ಆಟೋ, ಊಟ, ಇಬ್ಬರ ಕೂಲಿ ಯಾರ ಲೆಕ್ಕಕ್ಕೆ? ತಿಂಗಳುಗಟ್ಟಲೆ ಪತ್ರ ಬರೆದು ವಿಸಿಟ್‌ಗೆ ಎಂಟುನೂರು ಚಿಲ್ಲರೆ ಅಂತ ಕಮಿಟಿಯಿಂದ ಪಾಸು ಮಾಡಿಸಿದೆ. ಬ್ಯಾಂಕಿಗೆ ಹಾಕಿದರೆ ಗಂಡನ ಖಾತೆಗೆ ಹೋಗಿ ಹಳೇ ಸಾಲಕ್ಕೆ ಜಮಾ. ಅದಕ್ಕೇ ಅವತ್ತೇ, ವೋಚರ್ ಮೇಲೆ ಹೆಬ್ಬೆಟ್ಟು ಹಾಕಿಸಿ, ನೋಟು ಆಕೆಯ ಕೈಗೇ. ಎರಡನೇ ವಿಸಿಟ್‌ನಿಂದಲೇ ವ್ಯತ್ಯಾಸ ಕಂಡಿತು.

ಜೊತೆಗೊಂದು ಥರ್ಮಾಮೀಟರ್, ನೂರೈವತ್ತರ ಆಸುಪಾಸಿನದು. ಕೀಮೋ ಆದವರಿಗೆ ಜ್ವರ ಅಪಾಯ, ಅದಕ್ಕೇ 100.4 ಡಿಗ್ರಿ ಹತ್ತಿರ ಕೆಂಪು ನೇಲ್ ಪಾಲಿಶ್‌ನ ಗೆರೆ. ಡಿಜಿಟಲ್ ಕೊಟ್ಟು ನೋಡಿದೆ, ಬ್ಯಾಟರಿ ಹೋದರೆ ಗೂಡಿಗೆ. ಗೆರೆ ದಾಟಿದರೆ ಬಸ್ಸಿಗೆ ಕಾಯದೆ ಗಾಡಿ ಮಾಡ್ಕೊಂಡು ಬನ್ನಿ, ಬಾಡಿಗೆ ನಮ್ಮದು. ಎಸ್‌ಎಇ (ಟ್ರಯಲ್ ನಡುವೆ ಆಗೋ ಗಂಭೀರ ತೊಂದರೆ) 24 ಗಂಟೆಯೊಳಗೆ ರಿಪೋರ್ಟ್ ಮಾಡೋ ತಾಪತ್ರಯವೂ ಇದರಿಂದ ಹಗುರಾಯ್ತು, ಅವರೇ ಫೋನ್ ಮಾಡ್ತಾರೆ.

ಇನ್ನೊಂದು ಪ್ರಯೋಗ ಅರ್ಧ ಫಲಿಸಿದೆ. ಅಮಾವಾಸ್ಯೆ ದಿನ ಯಾರೂ ಬರಲ್ಲ, ಮೆಣಸಿನಕಾಯಿ ಬಿಡಿಸೋ ಕಾಲಕ್ಕಂತೂ ಬರೋದೇ ಇಲ್ಲ. ನಮ್ಮ ಪ್ರೋಟೋಕಾಲ್‌ನಲ್ಲಿ (ಟ್ರಯಲ್ ನಿಯಮಾವಳಿಯಲ್ಲಿ) ಹಿಂದೆ-ಮುಂದೆ ಮೂರು ದಿನದ ವಿಂಡೋ, ಅಂದರೆ ತಾರೀಕು ಸರಿಸೋ ಅವಕಾಶ, ಇದೆ. ಗೋಡೆ ಪಂಚಾಂಗ ಪಕ್ಕಕ್ಕಿಟ್ಟುಕೊಂಡು ಇಡೀ ವರ್ಷದ ತಾರೀಕನ್ನು ಮೊದಲೇ ಗುರುತು ಹಾಕಿ ಕೊಡ್ತೀನಿ. ಅಮಾವಾಸ್ಯೆ ತಪ್ಪಿಸಬಹುದು, ಜಾತ್ರೆ ತಪ್ಪಿಸಬಹುದು. ಸುಗ್ಗಿ ಮೂರು ದಿನಕ್ಕೆ ಮುಗಿಯಲ್ಲವಲ್ಲ.

ಈಗ ನಲವತ್ತು ಚಿಲ್ಲರೆ ಜನರಲ್ಲಿ ನಡುವೆ ಬಿಟ್ಟವರು ಇಬ್ಬರೋ ಮೂವರೋ. ಫಾರ್ಮ್ ಓದಿ ಬೇಡ ಅಂದವರು ಏಳೆಂಟು ಮಂದಿ. ಅವರಿಗೂ ಇಲ್ಲೇ ಮಾಮೂಲಿ ಚಿಕಿತ್ಸೆ ನಡೀತಿದೆ. ಕಳೆದ ಸಲ ಬಂದ ಮಾನಿಟರ್ (ಸ್ಪಾನ್ಸರ್ ಪರ ದಾಖಲೆ ಪರಿಶೀಲಿಸುವವನು) ನಮ್ಮ ವಿಸಿಟ್ ಲಾಗ್ ಎರಡೆರಡು ಸಲ ತಿರುಗಿಸಿ ನೋಡಿದ. ಪಿ.ಐ. ಸರ್ ಮುಂದಿನ ಸ್ಟಡಿಯ ಬಜೆಟ್ಟಿಗೆ ಥರ್ಮಾಮೀಟರ್ ತಾವೇ ಸೇರಿಸಿದ್ದಾರೆ. ಜೊತೆಗೆ ಬರುವವರ ಕೂಲಿಯನ್ನೂ ಸೇರಿಸಿ ಅಂತ ಹಾಕಿದ ಅರ್ಜಿ ಇನ್ನೂ ಕಮಿಟಿ ಮುಂದಿದೆ.