ದೋಸೆ ಬೇಡ, ಬಸ್ಸಾರು ಇರಲಿ: ತಿಂಗಳಿಗೊಂದು ಕಾದಂಬರಿ, ಜೊತೆಗೆ ಮನೆಯೂಟ

ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವುದು, ಓದಿಕೊಂಡು ಬಂದ ಕಾದಂಬರಿ ಬಗ್ಗೆ ಮಾತಾಡುವುದು, ಅಲ್ಲೇ ಊಟ ಮಾಡಿ ಹೊರಡುವುದು. ಕೇಳುವುದಕ್ಕೆ ಸುಲಭ. ಆದರೆ ಇಂಥ ಗುಂಪುಗಳು ನಾಲ್ಕೈದು ತಿಂಗಳಿಗೇ ನಿಂತುಹೋಗುತ್ತವೆ. ಕಾರಣ ಬಹಳ ಸಲ ಅಡುಗೆಮನೆಯಲ್ಲೇ ಇರುತ್ತದೆ. ಹಾಲ್‌ನಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಿರುತ್ತಾರೆ. ಮನೆಯಾಕೆ ಮಾತ್ರ ಒಳಗೆ ಒಗ್ಗರಣೆ ಹಾಕುತ್ತಾ, "ಏನಂದ್ರಿ, ಕೇಳಿಸ್ಲಿಲ್ಲ" ಅನ್ನುತ್ತಿರುತ್ತಾಳೆ. ಮುಂದಿನ ಸಲ ಕೇಳಿದರೆ "ನಮ್ಮನೇಲಿ ಈ ತಿಂಗಳು ಆಗಲ್ಲ ಕಣ್ರೀ" ಅನ್ನುತ್ತಾಳೆ. ಅನ್ನದೆ ಇನ್ನೇನು? ಹಾಗಾಗಿ ಕೆಳಗೆ ನಾನು ಹೇಳುವುದೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಅಡುಗೆ ಮಾಡಿದವರೂ ಕೂತು ಮಾತಾಡುವಂತಿರಬೇಕು.

ನನ್ನದು ತುಮಕೂರಲ್ಲಿ ಕಾಲೇಜಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ನಮ್ಮ ಗುಂಪಿನಲ್ಲಿ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿಬರುವ ಇಬ್ಬರು ಹುಡುಗರಿದ್ದಾರೆ. ಒಬ್ಬ ನಿವೃತ್ತ ಗಣಿತ ಮೇಷ್ಟ್ರು, ಒಬ್ಬ ನರ್ಸ್ ಅಕ್ಕ, ಮಂಡಿಪೇಟೆಯಲ್ಲಿ ವ್ಯಾಪಾರ ಮಾಡುವ ಅಣ್ಣ, ಕ್ಯಾತ್ಸಂದ್ರದಿಂದ ಬರುವ ಅತ್ತೆ-ಸೊಸೆ ಇದ್ದಾರೆ. ಅತ್ತೆಗೆ ಕಣ್ಣು ಮಂಜು. ರಾತ್ರಿ ಊಟ ಆದ ಮೇಲೆ ಸೊಸೆ ಓದಿ ಹೇಳುತ್ತಾಳೆ. ನಮ್ಮಲ್ಲಿ ಪುಸ್ತಕವನ್ನು ಎಲ್ಲರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡು ಬರುವವರು ಆ ಅತ್ತೆಯೇ.

ಗುಂಪಿಗೆ ಎಂಟು ಜನ ಸಾಕು, ಹತ್ತು ದಾಟಿಸಬೇಡಿ. ಹತ್ತಕ್ಕಿಂತ ಜಾಸ್ತಿ ಆದರೆ ಹಾಲ್‌ನಲ್ಲಿ ಎರಡು ಮಾತುಕತೆ ಶುರುವಾಗುತ್ತವೆ, ಒಂದು ಪುಸ್ತಕದ್ದು, ಇನ್ನೊಂದು ಸೈಟಿನದ್ದು. ಆರಕ್ಕಿಂತ ಕಡಿಮೆ ಇದ್ದರೆ ಇಬ್ಬರು ಮದುವೆಗೆ ಹೋದ ತಿಂಗಳು ಸಭೆಯೇ ಇಲ್ಲ. ದಿನ ಭಾನುವಾರವೇ ಆಗಬೇಕು. ರೈಲಿನವರಿಗೆ ಬೇರೆ ದಿನ ಆಗುವುದಿಲ್ಲ. ನಾವು ತಿಂಗಳ ಮೊದಲ ಭಾನುವಾರ ಇಟ್ಟುಕೊಂಡಿದ್ದೇವೆ, ಕೈಯಲ್ಲಿ ಸಂಬಳ ಇರುತ್ತದೆ. ಸಂಜೆ ಐದೂವರೆಗೆ ಶುರು, ಎಂಟಕ್ಕೆ ಎಲೆ ಹಾಕುವುದು.

ಪುಸ್ತಕ ಯಾವುದು ಅಂತ ಒಂದು ತಿಂಗಳು ಮುಂಚೆ ಗೊತ್ತಿರಬೇಕು. ಹೊಸಬರ ಗುಂಪಾದರೆ ಇನ್ನೂರು ಪುಟದ ಒಳಗಿನದನ್ನೇ ಹಿಡಿಯಿರಿ. ದಪ್ಪ ಕಾದಂಬರಿ ಆದರೆ ಎರಡು ತಿಂಗಳಿಗೆ ಭಾಗ ಮಾಡಿ. ಎಲ್ಲರೂ ಕೊಳ್ಳಲೇಬೇಕು ಅಂತಿಲ್ಲ. ಜಿಲ್ಲಾ ಗ್ರಂಥಾಲಯ ಇದೆ, ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಅವೆನ್ಯೂ ರಸ್ತೆಯ ಹಳೇ ಪುಸ್ತಕ ತರಿಸಬಹುದು, ಇಬ್ಬರಿಗೆ ಒಂದು ಪ್ರತಿ ಸಾಕು. ಪುಸ್ತಕ ಪೂರ್ತಿ ಜೆರಾಕ್ಸ್ ಮಾಡಿಸಿಕೊಳ್ಳಬೇಡಿ. ನನ್ನ ಹತ್ತಿರವೂ ಬಂದು ಕೇಳುತ್ತಾರೆ. ನಾನು ಮಾಡಿಕೊಡುವುದಿಲ್ಲ. ಬರೆದವರಿಗೂ ಅಚ್ಚು ಹಾಕಿದವರಿಗೂ ಹೊಟ್ಟೆ ಇದೆ ಅಲ್ವಾ.

ಪೂರ್ತಿ ಓದದೆ ಬರಬಹುದಾ? ಬರಬಹುದು. ಆದರೆ "ಅಯ್ಯೋ, ಕೊನೆ ಹೇಳ್ಬೇಡಿ" ಅನ್ನುವ ಹಕ್ಕು ಅವರಿಗಿಲ್ಲ.

ಈಗ ಊಟಕ್ಕೂ ಪುಸ್ತಕಕ್ಕೂ ಜೋಡಿ ಹಾಕುವ ಕೆಲಸ. ಎಲ್ಲರೂ ಮೊದಲು ಮಾಡುವುದು ಕಥೆ ನಡೆಯುವ ಊರಿನ ತಿಂಡಿ ಹುಡುಕುವುದು. ಮಲೆನಾಡಿನ ಕಥೆ ಅಂದರೆ ಅಕ್ಕಿರೊಟ್ಟಿ, ಮುಗೀತು. ತಪ್ಪೇನಿಲ್ಲ, ಆದರೆ ಅದರಿಂದ ಮಾತು ಹುಟ್ಟುವುದಿಲ್ಲ. ಪುಸ್ತಕದಲ್ಲಿ ಯಾರಿಗೆ ಹಸಿವು, ಯಾರು ತಿಂದರು, ಯಾರು ತಿನ್ನಲಿಲ್ಲ ಅಂತ ನೋಡಿ. ಜೋಡಿ ಅಲ್ಲೇ ಸಿಗುತ್ತದೆ.

ಯು.ಆರ್. ಅನಂತಮೂರ್ತಿಯವರ 1965ರ 'ಸಂಸ್ಕಾರ'ವನ್ನೇ ತೆಗೆದುಕೊಳ್ಳಿ. ನಾರಣಪ್ಪನ ಹೆಣ ಬಿದ್ದಿದೆ. ಅದು ಸುಡುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಸುಡುವವರು ಯಾರು ಅನ್ನುವುದು ತೀರ್ಮಾನ ಆಗುತ್ತಿಲ್ಲ. ಆ ತಿಂಗಳು ಮಾತು ಮುಗಿಯುವ ತನಕ ಏನೂ ಕೊಡಬೇಡಿ, ಟೀ ಕೂಡ. ಸಕ್ಕರೆ ಕಾಯಿಲೆಯವರಿಗೆ ಈ ನಿಯಮ ಇಲ್ಲ, ಅವರಿಗೆ ಮೊದಲೇ ಏನಾದರೂ ಕೊಟ್ಟುಬಿಡಿ. ಉಳಿದವರು ಏಳು ಗಂಟೆಗೆ ಅಡುಗೆಮನೆ ಕಡೆ ನೋಡಲು ಶುರು ಮಾಡುತ್ತಾರೆ. ಆಗ ಅಗ್ರಹಾರದವರ ಬಗ್ಗೆ ಆಡುವ ಮಾತೇ ಬೇರೆ ಆಗುತ್ತದೆ. "ಪಾಪ, ಅವರಿಗೂ ಹಸಿವು ಕಣಯ್ಯ" ಅಂತ ಮೊದಲು ಅಂದವರು ನಮ್ಮ ಮೇಷ್ಟ್ರು. ಮಾತು ಮುಗಿದ ಮೇಲೆ ಒಬ್ಬೊಬ್ಬರಿಗೂ ಬಾಳೆಹಣ್ಣು ಕೊಡಿ. ನಾರಣಪ್ಪನ ಜೊತೆಗಿದ್ದ ಚಂದ್ರಿ ಕಾಡಿನಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಕೊಡುವುದು ಅದನ್ನೇ. ಆಮೇಲೆ ದೇವಸ್ಥಾನದ ಊಟದ ಹಾಗೆ ಅನ್ನ, ಸಾರು, ಪಾಯಸ. ಮೇಳಿಗೆ ಜಾತ್ರೆಯಲ್ಲಿ ಸೂತಕದಲ್ಲೇ ಪಂಕ್ತಿಗೆ ಕೂತ ಆಚಾರ್ಯರ ವಿಷಯ ಊಟದ ಮಧ್ಯೆ ತಾನಾಗಿ ಬರುತ್ತದೆ.

ದೇವನೂರ ಮಹಾದೇವರ 'ಒಡಲಾಳ'ವನ್ನು ಕಾರ್ತಿಕದ ಹೊತ್ತಿಗೆ ಇಟ್ಟುಕೊಳ್ಳಿ. ಆಗ ಪಾವಗಡ, ಶಿರಾ ಕಡೆಯಿಂದ ಹಸಿ ಕಡಲೆಕಾಯಿ ಬಂದಿರುತ್ತದೆ. ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ಕಡಲೆಕಾಯಿ ತಿಂದು ಮುಗಿಸುವ ಭಾಗ ಇದೆಯಲ್ಲ, ಅದನ್ನು ಜೋರಾಗಿ ಓದಿಸಿ. ಹತ್ತು ಜನಕ್ಕೆ ಎರಡು ಕೆ.ಜಿ. ಹಸಿ ಕಡಲೆಕಾಯಿ ಸಾಕು. ಮಧ್ಯಾಹ್ನವೇ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ, ಆ ನೀರಲ್ಲೇ ಬಿಟ್ಟುಬಿಡಿ. ಸಂಜೆಗೆ ಉಪ್ಪು ಒಳಗೆ ಇಳಿದಿರುತ್ತದೆ. ಮಧ್ಯದಲ್ಲಿ ಒಂದು ಮೊರ ಇಡಿ, ಸಿಪ್ಪೆಗೆ. ಆ ಭಾಗ ಓದುವಾಗ ಸಿಪ್ಪೆ ಸುಲಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಪುಸ್ತಕ ಚಿಕ್ಕದು, ರೈಲಲ್ಲಿ ಎರಡು ದಿನದ ಓದು. ಆಡುಮಾತು ನಂಜನಗೂಡು ಕಡೆಯದು, ನಮ್ಮದಲ್ಲ. ಮೊದಲ ಪುಟ ಕಷ್ಟ ಅನ್ನಿಸಿದರೆ ಬಾಯಿಬಿಟ್ಟು ಓದಿ, ಸರಿಹೋಗುತ್ತದೆ.

ಎಸ್.ಎಲ್. ಭೈರಪ್ಪನವರ 1970ರ 'ಗೃಹಭಂಗ' ನಮ್ಮ ತಿಪಟೂರು ಕಡೆಯ ಕಥೆ. ಅದಕ್ಕೆ ಹಬ್ಬದ ಅಡುಗೆ ಮಾಡಬೇಡಿ, ದಯವಿಟ್ಟು. ಗಂಡ ಚೆನ್ನಿಗರಾಯ ತಿಂದುಕೊಂಡು ಓಡಾಡುತ್ತಾನೆ. ನಂಜಮ್ಮ ಶಾನುಭೋಗಿಕೆ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಆ ಮಕ್ಕಳನ್ನೂ ಪ್ಲೇಗು ಬಿಡುವುದಿಲ್ಲ. ಮುದ್ದೆ, ಬಸ್ಸಾರು, ಒಂದು ತುಂಡು ಈರುಳ್ಳಿ ಸಾಕು. ಮುತ್ತುಗದ ಎಲೆ ಸಿಕ್ಕರೆ ಅದರಲ್ಲೇ ಬಡಿಸಿ. ಈ ಪುಸ್ತಕಕ್ಕೆ ಊಟ ಮೊದಲು, ಮಾತು ಆಮೇಲೆ. ಮೊದಲು ಮಾತಾಡಿದರೆ ಯಾರಿಗೂ ತುತ್ತು ಇಳಿಯುವುದಿಲ್ಲ.

ನಗುತ್ತಾ ಊಟ ಮಾಡಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 1980ರ 'ಕರ್ವಾಲೊ'. ಬಿರಿಯಾನಿ ಕರಿಯಪ್ಪ ಅನ್ನುವ ಪಾತ್ರವೇ ಅದರಲ್ಲಿದೆ. ಏನು ಅಡುಗೆ ಅಂತ ಯೋಚಿಸುವ ಕೆಲಸವೇ ಇಲ್ಲ. ಹೊಸ ಗುಂಪಿಗೆ ಮೊದಲ ತಿಂಗಳು ವಿವೇಕ ಶಾನಭಾಗರ 'ಘಾಚರ್ ಘೋಚರ್' ಒಳ್ಳೆಯದು. ಚಿಕ್ಕದು, ಬೆಂಗಳೂರಿನ ಕಥೆ, ಕಾಫಿ ಹೌಸಿನಲ್ಲಿ ಶುರುವಾಗುತ್ತದೆ. ಫಿಲ್ಟರ್ ಕಾಫಿ, ಚಕ್ಕುಲಿ ಇದ್ದರೆ ಸಾಕು, ಊಟ ನಿಮ್ಮಿಷ್ಟ. ಅದರಲ್ಲಿ ಮನೆ ತುಂಬ ಇರುವೆ ಬರುತ್ತವೆ. ಆ ದಿನ ಸಿಹಿ ಡಬ್ಬಿ ಮುಚ್ಚಿಡಿ, ಇಲ್ಲದಿದ್ದರೆ ತಮಾಷೆ ಮಾಡುತ್ತಾರೆ.

ಇನ್ನು ಅಡುಗೆಯ ವಿಷಯ. ಒಲೆ ಮುಂದೆ ನಿಂತುಕೊಂಡೇ ಮಾಡಬೇಕಾದ ಯಾವುದನ್ನೂ ಆರಿಸಬೇಡಿ. ದೋಸೆ ಬೇಡವೇ ಬೇಡ. ಹತ್ತು ಜನಕ್ಕೆ ದೋಸೆ ಅಂದರೆ ಒಬ್ಬರು ಒಂದು ಗಂಟೆ ಕಾವಲಿ ಮುಂದೆ. ಚಪಾತಿ, ಪೂರಿ, ಬಜ್ಜಿಗೂ ಇದೇ ಮಾತು. ಬೆಳಿಗ್ಗೆ ಮಾಡಿಟ್ಟರೆ ಸಂಜೆಗೆ ರುಚಿ ಹೆಚ್ಚುವಂಥವು ಬೇಕು. ಅದಕ್ಕೇ ನನಗೆ ಬಸ್ಸಾರಿನ ಮೇಲೆ ಪ್ರೀತಿ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿದುಕೊಂಡರೆ ಒಂದೇ ಪಾತ್ರೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಹುರುಳಿಕಾಳಿನದಾದರೆ ಸಂಜೆಗೆ ಇನ್ನೂ ಚೆನ್ನ. ಬಿಸಿಬೇಳೆ ಬಾತ್ ಮಾಡುವುದಾದರೆ ತೆಳ್ಳಗೇ ಇಳಿಸಿ, ಎಂಟು ಗಂಟೆಗೆ ತಾನೇ ಗಟ್ಟಿಯಾಗಿರುತ್ತದೆ. ಹೋಳಿಗೆ ಹಿಂದಿನ ದಿನವೇ ಮಾಡಿ.

ಮುದ್ದೆ ಒಂದೇ ತಕರಾರು. ಆರಿದ ಮುದ್ದೆ ಯಾರಿಗೆ ಬೇಕು? ನಾವು ಮಾಡುವುದು ಹೀಗೆ. ಮಾತು ಮುಗಿದ ಮೇಲೆ ಎಸರಿಡುತ್ತೇವೆ. ಒಂದು ಕೆ.ಜಿ. ರಾಗಿಹಿಟ್ಟಿಗೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು, ಹತ್ತು ಹನ್ನೆರಡು ಮುದ್ದೆ ಬರುತ್ತದೆ. ನೀರಿಗೆ ಮೊದಲೇ ಒಂದು ಹಿಡಿ ಹಿಟ್ಟು ಕದಡಿ ಬಿಡಿ, ಕುದಿ ಬಂದ ಮೇಲೆ ಉಳಿದದ್ದನ್ನು ಮಧ್ಯಕ್ಕೆ ಸುರಿದು ಸಣ್ಣ ಉರಿಯಲ್ಲಿ ಬೇಯಲು ಬಿಡಿ. ತಿರುವುವ ಕೆಲಸ ಗಂಡಸರದ್ದು. ಇದು ನಮ್ಮ ಗುಂಪಿನ ಕಾನೂನು. ಮಂಡಿಪೇಟೆ ಅಣ್ಣ ಮೊದಲ ಸಲ ಕೋಲು ಹಿಡಿದಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಒತ್ತಪ್ಪಾ, ಒತ್ತು. ಗಂಟು ಬಿದ್ರೆ ನೀನೇ ತಿನ್ನಬೇಕು" ಅಂದರು. ಈಗ ಅಣ್ಣ ಬೇರೆಯವರ ಕೈಗೆ ಕೋಲು ಕೊಡುವುದಿಲ್ಲ.

ಮಾತಾಡುತ್ತಲೇ ಮಾಡಬಹುದಾದ ಅಡುಗೆ ಕೆಲಸವೂ ಒಂದಿದೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಬಿಡಿಸಿದ ಕಾಳು ಒಂದು ಕೆ.ಜಿ.ಯನ್ನು ಬೆಳಿಗ್ಗೆಯೇ ನೆನೆಹಾಕಿ. ಸಂಜೆ ಬೇಸಿನ್ ಸಮೇತ ಹಾಲ್‌ಗೆ ತಂದಿಡಿ. ಎಲ್ಲರೂ ಸುತ್ತ ಕೂತು ಹಿತುಕುತ್ತಾ ಮಾತಾಡಲಿ. ಕೈಗೆ ಕೆಲಸ ಇದ್ದರೆ ಸಂಕೋಚದವರೂ ಬಾಯಿ ಬಿಡುತ್ತಾರೆ. ಮಸಾಲೆ ಮೊದಲೇ ರುಬ್ಬಿಟ್ಟಿದ್ದರೆ ಮಾತಿನ ಎರಡನೇ ಅರ್ಧದಲ್ಲಿ ಸಾರು ತಾನೇ ಕುದಿಯುತ್ತದೆ. ದಪ್ಪ ಪುಸ್ತಕಗಳನ್ನು ನಾನು ಅವರೆ ಕಾಲಕ್ಕೆ ಇಡುವುದು ಅದಕ್ಕೇ.

ಚರ್ಚೆಯಲ್ಲಿ "ಪುಸ್ತಕ ಹೇಗಿತ್ತು?" ಅಂತ ಮಾತ್ರ ಕೇಳಬೇಡಿ. "ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮಾತು ಸತ್ತಿತು. ಪ್ರತಿಯೊಬ್ಬರೂ ಒಂದು ಪುಟಕ್ಕೆ ಗುರುತು ಹಾಕಿಕೊಂಡು ಬರಲಿ, ಅರ್ಧ ಪುಟ ಓದಲಿ, ಅದೇ ಯಾಕೆ ಅಂತ ಹೇಳಲಿ. ಇಷ್ಟವಾಗದವರಿಂದ ಶುರು ಮಾಡಿ. ಮನೆಯವರು ಎರಡು ಗಟ್ಟಿ ಪ್ರಶ್ನೆ ಇಟ್ಟುಕೊಂಡಿರಬೇಕು. ನಂಜಮ್ಮ ಆ ಮನೆ ಬಿಟ್ಟು ಯಾಕೆ ಹೋಗಲಿಲ್ಲ? 'ಕರ್ವಾಲೊ'ದಲ್ಲಿ ಹುಡುಕಿಕೊಂಡು ಹೋದ ಹಾರುವ ಓತಿ ಕೊನೆಗೂ ಕೈಗೆ ಸಿಗಲಿಲ್ಲ, ಹಾಗಾದರೆ ಅಷ್ಟು ದೂರ ಕಾಡಿಗೆ ಹೋದದ್ದು ದಂಡವಾ? 'ಘಾಚರ್ ಘೋಚರ್'ನ ಕೊನೆಯಲ್ಲಿ ಅನಿತಾಗೆ ಏನಾಯಿತು? ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಗಂಡಸರ ಉತ್ತರ ಒಂದು, ಹೆಂಗಸರ ಉತ್ತರ ಇನ್ನೊಂದು. ಯಾರಾದರೂ ಉಪನ್ಯಾಸ ಶುರು ಮಾಡಿದರೆ ಕೈಗೆ ಬೆಳ್ಳುಳ್ಳಿ ಕೊಡಿ, ಸುಲಿಯಲಿ. ಮೇಷ್ಟ್ರು ಈಗ ಕೇಳಿ ಇಸಕೊಳ್ಳುತ್ತಾರೆ.

ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ ಅನ್ನುವುದು ನಮ್ಮೂರಲ್ಲಿ ಇನ್ನೂ ಸುಲಭದ ವಿಷಯ ಅಲ್ಲ. ಎಲ್ಲರ ಮನೆಯ ಸರದಿಯೂ ಬರುತ್ತದೆ, ಆ ಮನೆಯಲ್ಲಿ ಊಟ ಇರುತ್ತದೆ ಅಂತ ಸೇರುವಾಗಲೇ ಹೇಳಿಬಿಡಿ. ಒಪ್ಪದವರು ಆಗಲೇ ಹಿಂದೆ ಸರಿಯುತ್ತಾರೆ. ಅದು ಎಲ್ಲರಿಗೂ ಒಳ್ಳೆಯದು. ಮಾಂಸ ಮಾಡುವ ಮನೆಯಲ್ಲಿ ಮಾಡಲಿ, ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು. 'ಕರ್ವಾಲೊ' ತಿಂಗಳು ನರ್ಸ್ ಅಕ್ಕನ ಮನೆಯಲ್ಲಿ ಕೋಳಿ ಬಿರಿಯಾನಿ ಪಕ್ಕ ತರಕಾರಿ ಪಲಾವೂ ಇತ್ತು. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿದ್ದರೆ ಸೂರ್ಯ ಮುಳುಗುತ್ತಲೇ ಊಟ, ಮಾತು ಆಮೇಲೆ. ಯಾಕೆ ತಿನ್ನಲ್ಲ ಅಂತ ಯಾರನ್ನೂ ಕೇಳಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಗಂಡ ಸದಸ್ಯ, ಹೆಂಡತಿ ಬರೀ ಅಡುಗೆಯವಳು ಅನ್ನುವಂಥ ಮನೆಯಲ್ಲಿ ಸಭೆ ಇಡಬೇಡಿ. ಆಕೆ ಓದಿ ಕೂರಲಿ, ಇಲ್ಲದಿದ್ದರೆ ಆತ ಅಡುಗೆ ಮಾಡಲಿ. ಓದುವುದು ಇಷ್ಟವಿಲ್ಲ ಅನ್ನುವ ಹೆಂಡತಿಯರೂ ಇದ್ದಾರೆ, ಸರಿ. ಅಂಥವರು ಆ ಸಂಜೆ ತಂಗಿ ಮನೆಗೆ ಹೋಗಿ ಹಾಯಾಗಿ ಇರಲಿ.

ಖರ್ಚಿಗೆ ತಲೆಗಿಷ್ಟು ಅಂತ ದುಡ್ಡು ಎತ್ತಬೇಡಿ, ಲೆಕ್ಕದ ಜಗಳ ಬರುತ್ತದೆ. ಮನೆಯವರು ಸಾರು, ಅನ್ನ ಅಥವಾ ಮುದ್ದೆ ನೋಡಿಕೊಳ್ಳಲಿ. ಮೊಸರು, ಕೋಸಂಬರಿ, ಹಣ್ಣು, ಉಪ್ಪಿನಕಾಯಿ ಉಳಿದವರು ಹಂಚಿಕೊಂಡು ತರಲಿ. ಯಾರು ಏನು ಅಂತ ಒಂದು ಚೀಟಿ ಮಾಡಿ ಗುಂಪಿಗೆ ಹಾಕಿ, ಇಲ್ಲದಿದ್ದರೆ ಐದು ಜನ ಮೊಸರು ತರುತ್ತಾರೆ. ತಟ್ಟೆ ಅವರವರೇ ತೊಳೆಯಬೇಕು, ದೊಡ್ಡ ಪಾತ್ರೆ ಮುಂದಿನ ತಿಂಗಳ ಸರದಿಯವರದ್ದು.

ಮುಂದಿನ ಪುಸ್ತಕವನ್ನು ಊಟಕ್ಕೆ ಮುಂಚೆಯೇ ತೀರ್ಮಾನ ಮಾಡಿ. ಹೊಟ್ಟೆ ತುಂಬಿದ ಮೇಲೆ ಎಲ್ಲದಕ್ಕೂ "ಆಯ್ತು, ಆಯ್ತು" ಅಂತ ತಲೆ ಆಡಿಸುತ್ತಾರೆ, ಆಮೇಲೆ ಒಬ್ಬರೂ ಓದುವುದಿಲ್ಲ. ಮತ್ತೆ, ಬರುವಾಗ ಖಾಲಿ ಡಬ್ಬಿ ತನ್ನಿ. ಸಾರು ಉಳಿದೇ ಉಳಿಯುತ್ತದೆ. ಮನೆಯವರ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಅದು ವಾಪಸ್ ಬರುವುದು ಮುಂದಿನ ತಿಂಗಳು, ಅದೂ ಬೇರೆ ಯಾರದೋ ಮುಚ್ಚಳ ಹಾಕಿಕೊಂಡು.