ಬಿಪಿ ಗುಳಿಗೆ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಮನೆಯ ಹಿರಿಯರು ಗುಳಿಗೆ ಬಿಟ್ಟರೆ ಮೊದಲು ಬೈಯಬೇಡಿ, ಯಾಕೆ ಅಂತ ಕೇಳಿ. ನಮ್ಮ ವಿಜಯಪುರದ ಕಡೆ ನಾನು ಜಾಸ್ತಿ ಕೇಳಿರುವ ಉತ್ತರ: 'ಈಗ ಆರಾಮ ಅದೀನಿ, ಮತ್ಯಾಕ?' ಇದು ಹಟ ಅಲ್ಲ. ಬಿಪಿ ಏರಿದರೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ಗುಳಿಗೆ ಬಿಟ್ಟ ಮರುದಿನವೂ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಬಿಟ್ಟಿದ್ದೇ ಸರಿ ಅನ್ನಿಸಿಬಿಡುತ್ತದೆ. ಒಳಗೆ ಮಾತ್ರ ರಕ್ತನಾಳ, ಹೃದಯ, ಕಿಡ್ನಿ ಹಾಳಾಗುತ್ತಿರುತ್ತವೆ. ಬರೀ ಮಾತು ಸಾಲದು. ಚಿಕಿತ್ಸೆಗೆ ಮುಂಚಿನ ಬಿಪಿ, ಈಗಿನ ಬಿಪಿ ಎರಡನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದು ತೋರಿಸಿ.

ಶ್ರೀಮಂತ ದೇಶಗಳಲ್ಲೂ ದೀರ್ಘ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧಿ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಅಂದಮೇಲೆ ನಿಮ್ಮ ಅಪ್ಪನನ್ನು ಮಾತ್ರ ದೂರಿ ಏನು ಪ್ರಯೋಜನ, ಅಲ್ವಾ?

ಕೆಲವರು ಹೇಳದೇ ಬಿಡುವುದು ಅಡ್ಡ ಪರಿಣಾಮಕ್ಕೆ. ಬಿಪಿ ಗುಳಿಗೆಗಳಲ್ಲಿ ಆಮ್ಲೋಡಿಪಿನ್‌ನಿಂದ ಕಾಲು ಊದಬಹುದು, ಎನಾಲಾಪ್ರಿಲ್‌ನಿಂದ ಒಣ ಕೆಮ್ಮು ಬರಬಹುದು. ಸುಮ್ನೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ, ಬೇರೆ ಗುಳಿಗೆ ಇದೆ. ದುಡ್ಡಿನ ತೊಂದರೆಯಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಗುಳಿಗೆ ಕೇಳಿ, ಇಲ್ಲವೇ ಜನೌಷಧಿ ಅಂಗಡಿಗೆ ಹೋಗಿ.

ಮರೆವಿಗೆ ಮದ್ದು ಸರಳ: ಡಾಕ್ಟರು ಬೆಳಿಗ್ಗೆ ಅಂದಿದ್ದರೆ ಗುಳಿಗೆಯನ್ನು ರೊಟ್ಟಿ ಬುಟ್ಟಿಯ ಪಕ್ಕ ಇಡಿ. ಕಬ್ಬು ಕಡಿಯಲು ದೂರ ಹೋಗುವವರಿಗೆ ಅಷ್ಟೂ ದಿನದ ಗುಳಿಗೆ ಮೊದಲೇ ಕಟ್ಟಿಕೊಡಿ, ಜೊತೆಗೆ ಡಾಕ್ಟರು ಬರೆದ ಚೀಟಿಯೂ ಇರಲಿ.