ಸಿಡ್ನಿಯ ಕಾಡು ಆಯಿಲ್ ಪೇಸ್ಟಲ್‌ಗೆ ಒಗ್ಗಿದ್ದು ಹೀಗೆ

ಆಯಿಲ್ ಪೇಸ್ಟಲ್ (ಎಣ್ಣೆ, ಮೇಣ ಬೆರೆತ ಬಣ್ಣದ ಕಡ್ಡಿ) ಮಕ್ಕಳ ಬಣ್ಣ, ಬುಷ್ ಅಂದರೆ ಇಲ್ಲಿನ ಕಾಡು ಬರೆಯಬೇಕಾದರೆ ಅಕ್ರಿಲಿಕ್ ಬಣ್ಣ ಹಿಡಿ ಅಂತ ನಮ್ಮ ಭಾನುವಾರದ ಚಿತ್ರ ಬರೆಯುವ ಗುಂಪಿನವರು ಹೇಳುತ್ತಲೇ ಇದ್ದರು. ಸಿಡ್ನಿಯ ಉತ್ತರಕ್ಕಿರುವ ಕು-ರಿಂಗ್-ಗೈ ಚೇಸ್ ರಾಷ್ಟ್ರೀಯ ಉದ್ಯಾನದಲ್ಲಿ ಬರೆದ ಕೆಲವು ಚಿತ್ರಗಳು ಮಾರಾಟವಾದ ಮೇಲೆ ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲೆಲ್ಲ ಹಸಿರು ಕಡ್ಡಿಗಳಿಗೇ ದುಡ್ಡು ಸುರಿದೆ. ಮಲೆನಾಡಿನ ಕಣ್ಣಿಗೆ ಕಾಡೆಂದರೆ ಹಸಿರಲ್ಲವೇ? ಇಲ್ಲಿನ ನೀಲಗಿರಿ ಜಾತಿಯ ಮರಗಳ ಎಲೆ ಜೋತುಬಿದ್ದಿರುತ್ತದೆ, ಬಿಸಿಲು ಸಂದಿಯಲ್ಲಿ ನುಸುಳಿ ನೆಲ ಮುಟ್ಟುತ್ತದೆ. ಬಣ್ಣ ಬೂದುಹಸಿರು, ದೂರಕ್ಕೆ ನೀಲಿ. ಪದರದ ಮೇಲೆ ಪದರ ಉಜ್ಜಿದರೆ ಮೇಲಿನ ಕಡ್ಡಿ ಜಾರುತ್ತಿತ್ತು.

ಈಗ 300 ಜಿಎಸ್ಎಂನ ದಪ್ಪ ಕಾಗದಕ್ಕೆ ಮೊದಲು ಕಾವಿ ಬಣ್ಣದ ಅಕ್ರಿಲಿಕ್ ಬಳಿಯುತ್ತೇನೆ. (ಗುಂಪಿನವರಿಗೂ ಒಂದಿಷ್ಟು ಮರ್ಯಾದೆ ಸಿಕ್ಕಂತಾಯಿತು.) ಕಡ್ಡಿ ಕಚ್ಚಿಕೊಳ್ಳಲಿ ಅಂತ ಅದಕ್ಕೆ ಏನು ಬೆರೆಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಮೇಲೆ ಗಾಢ ನೇರಳೆ, ಆಮೇಲೆ ಬೂದುಹಸಿರಿನ ರಾಶಿ. ಎಲೆ ಬಿಡಿಸುವುದೇ ಇಲ್ಲ. ರಾಶಿಯೊಳಗೆ ಆಕಾಶದ ತೂತು ಒತ್ತುತ್ತೇನೆ, ಬಯಲ ಆಕಾಶಕ್ಕಿಂತ ಒಂದು ಛಾಯೆ ಗಾಢವಾಗಿ.

ಸ್ಕ್ರಿಬ್ಲಿ ಗಮ್ ಮರದ ಬಿಳಿ ಕಾಂಡದ ಮೇಲೆ ಪತಂಗದ ಹುಳು ಕೊರೆದ ವಕ್ರ ಗೆರೆಗಳಿರುತ್ತವೆಯಲ್ಲ, ಅವಕ್ಕೆ ಮೊಂಡು ದಬ್ಬಣ ಸಾಕು. ಕೆನೆಬಣ್ಣ ಕೆರೆದರೆ ಕೆಳಗಿನ ಕಾವಿ ಎದ್ದು ಬರುತ್ತದೆ. ಅಕ್ರಿಲಿಕ್‌ನಲ್ಲಿ ಇದನ್ನು ಮಾಡಿ ತೋರಿಸಲಿ, ನೋಡೋಣ! ತೊಗಟೆ ಉದುರಿಸಿ ಕಿತ್ತಳೆಗೆ ತಿರುಗಿದ ಆಂಗೊಫೊರಾ ಮರಕ್ಕೆ ಮಾತ್ರ ಸೆನೆಲಿಯೆ ಕಂಪನಿಯ ಕಡ್ಡಿ. ಒಂದಕ್ಕೆ ಹೆಚ್ಚುಕಡಿಮೆ ಐದು ಡಾಲರ್, ಬೆಣ್ಣೆಯಂತೆ ಕರಗಿಹೋಗುತ್ತದೆ. ಅಡಿಪದರಕ್ಕೆ ಮುಂಗ್ಯೊ ಕಂಪನಿಯ ಅಗ್ಗದ ಕಡ್ಡಿ.

ನಡುವೆ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ತಿಕ್ಕಿ ನೋಡಿದೆ; ಕಾಗದದ ಹಿಂಬದಿಗೂ ಜಿಡ್ಡು ಹಬ್ಬಿತು. ಚಿತ್ರದಲ್ಲಿನ ಸುಟ್ಟ ಬ್ಯಾಂಕ್ಸಿಯಾ ಮರದ ಕಾಂಡಕ್ಕೆ ಹಿತ್ತಲ ಒಲೆಯ ಇದ್ದಿಲಪುಡಿ ಒತ್ತಿದ್ದು ಮಾತ್ರ ಭರ್ಜರಿಯಾಗಿ ಬಂತು. ಪುಡಿ ಜಿಡ್ಡಿಗೆ ಅಂಟಿ, ನಿಜವಾದ ಸುಟ್ಟ ತೊಗಟೆಯ ಹಾಗೇ ಕಾಣುತ್ತದೆ. ಜನವರಿಯಲ್ಲಿ, ಅಂದರೆ ಇಲ್ಲಿನ ಬೇಸಿಗೆಯಲ್ಲಿ, ಕಡ್ಡಿಗಳು ಐಸ್ ಡಬ್ಬಿಯಲ್ಲೇ ಇರಬೇಕು, ಇಲ್ಲದಿದ್ದರೆ ಬೆರಳಿಗೇ ಬಳಿದುಕೊಳ್ಳುತ್ತವೆ.

ದುಡ್ಡು ತಿನ್ನುವುದು ಫ್ರೇಮು. ಆಯಿಲ್ ಪೇಸ್ಟಲ್ ಪೂರ್ತಿ ಒಣಗುವ ಬಣ್ಣವಲ್ಲ. ಗಾಜು ಬೇಕು, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಸ್ಪೇಸರ್ ಪಟ್ಟಿಯೂ ಬೇಕು. ಮುನ್ನೂರೈವತ್ತು ಡಾಲರಿಗೆ ಮಾರಿದ ಚಿತ್ರಕ್ಕೆ ನೂರೆಂಬತ್ತರ ಹತ್ತಿರ ಫ್ರೇಮಿಗೇ ಹೋಗಿತ್ತು. ಈಗ ಮರದ ಪಟ್ಟಿ ನಾನೇ ಕೊಯ್ದು ಜೋಡಿಸುತ್ತೇನೆ, ಗಾಜು ಮಾತ್ರ ಅಂಗಡಿಯದು. ಅರವತ್ತರೊಳಗೆ ಮುಗಿಯುತ್ತದೆ.